ಕೆಂಡಚಿಟ್ಟೆಗೆ ರೆಕ್ಕೆ ಬಂದ ದಿನ

"ಇದರೊಳಗೆ ಕಾರ್ಡಿಲ್ಲ ಮೇಡಂ."

ಭೂಮಿಕಾ ಎರಡನೇ ಸಲ ಹೇಳಿದಾಗ ಸಬ್‌ಇನ್ಸ್‌ಪೆಕ್ಟರ್ ಕನಕಮ್ಮ ಕಣ್ಣು ತೆರೆದಳು. ಮೇಜಿನ ಕೆಳಗೆ ಶೂ ಬಿಚ್ಚಿ, ಊದಿಕೊಂಡ ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿ, ಅವಳು ಕೂತಲ್ಲೇ ಜೋಂಪು ಹತ್ತಿದವಳಂತಿದ್ದಳು. ಮಧ್ಯಾಹ್ನದ ಊಟ ಇನ್ನೂ ಡಬ್ಬಿಯಲ್ಲೇ ಇತ್ತು.

ಮೇಜಿನ ಮೇಲೆ ಹಳೇ ಪೇಪರು. ಪೇಪರಿನ ಮೇಲೆ ಕರಗಿ ಮುದ್ದೆಯಾದ ಕಪ್ಪು ಪ್ಲಾಸ್ಟಿಕ್ಕು. ಕೈಯಲ್ಲಿ ಹಿಡಿದು ಆಡುವ ಆಟದ ಮಿಷನ್ನು ಅದು ಅಂತ ಹೇಳಿದರೆ ಮಾತ್ರ ಗೊತ್ತಾಗಬೇಕು.

ಹೋದ ಮಂಗಳವಾರ ಹೊಸೂರಿನ ಜೂಜುವಾಡಿಯ ಬಾಡಿಗೆ ಕೋಣೆಯೊಂದಕ್ಕೆ ಬೆಂಕಿ ಬಿದ್ದು ಭೂಮಿಕಾಳ ಅಣ್ಣ ಮುನೀಶ್ ಸತ್ತಿದ್ದ. ಮುಖದ ಗುರುತು ಉಳಿದಿರಲಿಲ್ಲ. ಪಕ್ಕದಲ್ಲಿ ಬಿದ್ದಿದ್ದ ಈ ಮಿಷನ್ನು ನೋಡಿಯೇ ಅವನ ತಾಯಿ ರಾಮಲಕ್ಷ್ಮಮ್ಮ "ನನ್ನ ಮಗನೇ" ಎಂದು ನೆಲಕ್ಕೆ ಕುಸಿದಿದ್ದಳು.

"ಕಾರ್ಡು ಅಂದ್ರೆ?" ಕನಕಮ್ಮ ಕೇಳಿದಳು.

"ಆಟ ಇರೋದು ಅದರಲ್ಲೇ ಮೇಡಂ. ಬೆಂಕಿಪೊಟ್ಟಣದ ಅರ್ಧದಷ್ಟು ಇರುತ್ತೆ. ಇಲ್ಲಿ ಹಿಂದ್ಗಡೆ ಸಿಗಿಸಬೇಕು." ಭೂಮಿಕಾ ಉಗುರಿನಿಂದ ಕರಗಿದ ಸೀಳೊಂದನ್ನು ತೋರಿಸಿದಳು. "ಮಿಷನ್ನಿನ ತಾಮ್ರದ ಹಲ್ಲು ಹಂಗೇ ಅದೆ, ನೋಡಿ. ಕಾರ್ಡಿದ್ದಿದ್ರೆ ಅದರದ್ದೂ ಉಳೀಬೇಕಿತ್ತು. ಬೆಂಕಿ ಬೀಳೋಕೆ ಮುಂಚೆನೇ ಯಾರೋ ತೆಗೆದವ್ರೆ."

"ನಿಮ್ಮಣ್ಣನೇ ತೆಗೆದಿಟ್ಟಿರಬಹುದು."

"ಅಣ್ಣ ಮಲಗೋವಾಗ್ಲೂ ತೆಗೀತಿರ್ಲಿಲ್ಲ. ಅದರಲ್ಲಿ ಅವನ ಹುಳ ಇತ್ತು."

ಭೂಮಿಕಾ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಅಣ್ಣ ಸತ್ತಾಗಿನಿಂದ ನಿದ್ದೆಯಿಲ್ಲದೆ ಅವಳ ಕಣ್ಣಿನ ಸುತ್ತ ಮಸಿ ಬಳಿದಂತಾಗಿತ್ತು. ಆದರೂ ಆ ಹುಳದ ಮಾತು ಬಂದಾಗ ಅವಳ ದನಿಗೆ ಸ್ವಲ್ಪ ಜೀವ ಬಂತು.

ಆ ಆಟದಲ್ಲಿ ಕಾಡುಮೇಡು ತಿರುಗಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಸಾಕಬೇಕು, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸಬೇಕು. ಎಲ್ಲಕ್ಕಿಂತ ಅಪರೂಪದ್ದು ಒಂದು ಬೆಂಕಿಯ ಪತಂಗ. ಇಂಗ್ಲಿಷಿನಲ್ಲಿ ಅದಕ್ಕೆ ಬಾಯಿ ತಿರುಗದ ಹೆಸರು. ಅಣ್ಣ ತಂಗಿ ಅದನ್ನು ಕೆಂಡಚಿಟ್ಟೆ ಎನ್ನುತ್ತಿದ್ದರು. ರೆಕ್ಕೆ ಬಡಿದರೆ ಧೂಳಿನ ಬದಲು ಕಿಡಿ ಉದುರುತ್ತದೆ, ಎದುರಿಗಿದ್ದದ್ದು ಉರಿದುಹೋಗುತ್ತದೆ. ಆದರೆ ಮೊದಲಿಗೆ ಅದು ಬರೀ ಬಿಳೀ ಹುಳ. ಯಾರ ಜೊತೆ ಬಿಟ್ಟರೂ ಸೋಲುತ್ತದೆ. ಬೇಜಾರಾಗಿ ಎಲ್ಲರೂ ಅದನ್ನು ಬಿಟ್ಟುಬಿಡುತ್ತಾರೆ.

"ಅಣ್ಣ ಬಿಡ್ಲಿಲ್ಲ. ತಿಂಗಳುಗಟ್ಟಲೆ ಸಾಕ್ದ. ನಮ್ಮನೇಲಿ ರೇಷ್ಮೆ ಹುಳ ಸಾಕ್ತಾರಲ್ಲ ಮೇಡಂ, ಹುಟ್ಟಿದಾಗಿಂದ ನೋಡಿದ್ದೀವಿ. ಆದ್ರೆ ಒಂದ್ಸಲನೂ ಚಿಟ್ಟೆ ನೋಡಿಲ್ಲ. ಗೂಡು ಕಟ್ಟಿದ ತಕ್ಷಣ ಮಾರ್ಕೆಟ್ಟಿಗೆ ಹೋಗ್ಬುಡುತ್ತೆ, ಅಲ್ಲಿಂದ ಬಿಸಿನೀರಿಗೆ. ಇದೊಂದನ್ನಾದ್ರೂ ಹಾರಿಸ್ತೀನಿ ಕಣೇ ಅಂತಿದ್ದ."

ಕನಕಮ್ಮ ಮಿಷನ್ನನ್ನು ಪೇಪರಿನಲ್ಲಿ ಸುತ್ತಿಟ್ಟಳು. ಬೆಳಿಗ್ಗೆಯಷ್ಟೇ ಇನ್ಸ್‌ಪೆಕ್ಟರು ಬಾಗಿಲಲ್ಲಿ ನಿಂತು, "ಸ್ಟವ್ ಕೇಸು ತಾನೇ, ಮುಡಿಚ್ಚುಡುಂಗಮ್ಮಾ" ಎಂದು ತಮಿಳಿನಲ್ಲಿ ಹೇಳಿ ಹೋಗಿದ್ದರು. ಮುಗಿಸಿಬಿಡಬಹುದಿತ್ತು. ಅವಳಿಗೂ ಮುಗಿಸಿ ಮನೆಗೆ ಹೋಗಿ ಬಿಸಿನೀರಲ್ಲಿ ಕಾಲಿಟ್ಟು ಕೂರುವ ಆಸೆಯೇ. ಆದರೆ ಆ ಕೋಣೆಯ ಬಾಗಿಲಿನ ಬೀಗ ಅವಳ ಕಣ್ಣಿಗೆ ಕಟ್ಟಿತ್ತು. ಹೊರಗಡೆ ಚಿಲಕಕ್ಕೆ ಹಾಕಿದ್ದ ಬೀಗ, ಕೊಂಡಿ ಒತ್ತಿ ಭದ್ರವಾಗಿ ಮುಚ್ಚಿತ್ತು.

"ಸುಮ್ನೆ ನೇತಾಡ್ತಿತ್ತು ಮೇಡಂ. ಮೊದಲು ಹೋದೋನು ನಾನೇ ಅಲ್ವಾ? ನೀರು ಹೊಡೆಯೋ ಗಲಾಟೇಲಿ ಯಾರೋ ಒತ್ತಿರ್ತಾರೆ," ಎಂದಿದ್ದ ಹೆಡ್ ಕಾನ್‌ಸ್ಟೇಬಲ್ ಮರಿಸ್ವಾಮಿ. ಅವಳ ಜೊತೆ ವರ್ಷಗಟ್ಟಲೆ ಜೀಪು ಓಡಿಸಿದವನು. ಇರಬಹುದು ಎಂದುಕೊಂಡಿದ್ದಳು. ಸುಸ್ತಾದಾಗ ಎಲ್ಲವೂ ಇರಬಹುದು ಎನಿಸುತ್ತದೆ.

"ಆ ಕಾರ್ಡು ಯಾರಿಗೆ ಬೇಕಾಗಿತ್ತಮ್ಮ?"

ಭೂಮಿಕಾ ತಡವರಿಸಿದಳು. "ಅದರ ಬೆಲೆ ಗೊತ್ತಿದ್ದೋನು ಒಬ್ಬನೇ ಮೇಡಂ. ಪ್ರಮೋದ."

ಕನಕಮ್ಮ ಬಗ್ಗಿ ಶೂ ಹುಡುಕಿದಳು.

*

ಪ್ರಮೋದ್ ಮುನೀಶನ ಗೆಳೆಯ. ಕೆಲಸಕ್ಕೆಂದು ಕರ್ನಾಟಕದಿಂದ ಬಂದು, ಆಲಸನತ್ತಂನಲ್ಲಿ ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿದ್ದ. ಒಂದು ಕಾಲದಲ್ಲಿ ಇಬ್ಬರೂ ಅಂಟಿಕೊಂಡೇ ಇರುತ್ತಿದ್ದರು. ಆಯುಧಪೂಜೆಯ ದಿನ ಪ್ರಮೋದ್ ಮುನೀಶನ ಮಿಷನ್ನು ತೆಗೆದುಕೊಂಡು, ಏನೋ ಒತ್ತಲು ಹೋಗಿ 'ಹೊಸ ಆಟ' ಒತ್ತಿಬಿಟ್ಟ. ಮುನೀಶ್ ಸಾಕಿದ್ದ ಪ್ರಾಣಿಗಳೆಲ್ಲ ಅಳಿಸಿಹೋದವು. ಮುನೀಶ್ ಬೈಯಲಿಲ್ಲ, ಹೊಡೆಯಲಿಲ್ಲ. ಮಾತು ಬಿಟ್ಟ. ಮತ್ತೆ ಮೊದಲಿನಿಂದ ಹುಳ ಸಾಕಲು ಶುರುಮಾಡಿದ.

ಬೆಂಕಿ ಬಿದ್ದ ಮರುದಿನವೇ ಕನಕಮ್ಮ ಪ್ರಮೋದನನ್ನು ವಿಚಾರಿಸಿದ್ದಳು. ಆಯುಧಪೂಜೆ ಆದಮೇಲೆ ಅವನ ಮುಖವನ್ನೇ ನೋಡಿಲ್ಲ ಎಂದು ಅವನು ಅಕ್ಕನ ಮಗುವಿನ ತಲೆ ಮುಟ್ಟಿ ಹೇಳಿದ್ದ.

ಮೆಟ್ಟಿಲು ಕಡಿದಾಗಿತ್ತು. ಅರ್ಧದಲ್ಲಿ ಕನಕಮ್ಮನ ಮೊಣಕಾಲು ಹಿಡಿದುಕೊಂಡಿತು. ಗೋಡೆಗೆ ಕೈಯೂರಿ ನಿಂತಳು. ಕೆಳಗೆ ಮರಿಸ್ವಾಮಿ ಜೀಪಿಗೆ ಒರಗಿ ಟೀ ಕುಡಿಯುತ್ತಿದ್ದ.

ಪ್ರಮೋದ್ ಮೊದಲ ಶಿಫ್ಟು ಮುಗಿಸಿ ಬಂದು ಸ್ನಾನ ಮಾಡಿದ್ದ. ತಲೆಯಿಂದ ನೀರು ಇಳಿಯುತ್ತಿತ್ತು. ಪೊಲೀಸಿನವಳ ಹಿಂದೆ ಭೂಮಿಕಾಳನ್ನು ನೋಡಿ ಅವನ ಕೈಯಲ್ಲಿದ್ದ ಟವಲು ಅಲ್ಲೇ ನಿಂತಿತು.

"ಕೂತ್ಕೋತೀನಪ್ಪ," ಎಂದು ಕನಕಮ್ಮ ಮಂಚದ ಮೇಲೆ ಕೂತಳು. "ನಿನ್ನ ಆಟದ ಮಿಷನ್ನು ಎಲ್ಲಿ?"

"ಅದು ಕೆಟ್ಟೋಗಿದೆ ಮೇಡಂ. ರಿಪೇರಿಗೆ ಕೊಟ್ಟಿದ್ದೀನಿ."

"ಯಾವ ಅಂಗಡಿ?"

"ಅದೇ... ಬಸ್‌ಸ್ಟ್ಯಾಂಡ್ ಹತ್ರ..."

ಭೂಮಿಕಾ ದಿಂಬಿನತ್ತ ಹೋದಳು. ದಿಂಬಿನ ಅಡಿಯಿಂದ ಚಾರ್ಜರಿನ ವೈರು ಗೋಡೆಯ ಪ್ಲಗ್ಗಿನವರೆಗೂ ಹೋಗಿತ್ತು. ಅವಳು ಮಿಷನ್ನು ಎಳೆದು ತೆಗೆದು ಕನಕಮ್ಮನ ಪಕ್ಕ ಕೂತು ಆನ್ ಮಾಡಿದಳು.

ಸಣ್ಣ ಪರದೆ ಬೆಳಗಿತು. ಎಳೆಯ ಮಕ್ಕಳ ಆಟಿಕೆಯಂಥ ಸಂಗೀತ ಆ ಕೋಣೆಯಲ್ಲಿ ಅಸಹ್ಯವಾಗಿ ಕೇಳಿಸಿತು. ಭೂಮಿಕಾ ಒಂದೊಂದೇ ಪ್ರಾಣಿಯನ್ನು ಸರಿಸಿದಳು. ಆಮೆಯಂಥದ್ದು, ಮುಳ್ಳಿನ ನಾಯಿ, ಕಲ್ಲಿನ ಹಕ್ಕಿ. ಆಮೇಲೆ ಅವಳ ಹೆಬ್ಬೆರಳು ನಿಂತಿತು.

ಪರದೆಯ ತುಂಬ ಒಂದು ಚಿಟ್ಟೆ ರೆಕ್ಕೆ ಬಿಚ್ಚಿಕೊಂಡಿತ್ತು. ರೆಕ್ಕೆಯ ನಡುವೆ ಬೂದಿಬಣ್ಣ, ಅಂಚಿಗೆ ಊದಿದ ಕೆಂಡದ ಕೆಂಪು. ರೆಕ್ಕೆ ಅಲುಗಿದಾಗಲೆಲ್ಲ ಕಿಡಿಗಳು ಕೆಳಗೆ ಬಿದ್ದು ಆರುತ್ತಿದ್ದವು. ಕನಕಮ್ಮನಿಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಆದರೂ ಒಂದು ಗಳಿಗೆ ಅದನ್ನೇ ನೋಡಿದಳು.

"ಸಾಕಿದವರ ಹೆಸರು ಇಲ್ಲಿ ಬರುತ್ತೆ ಮೇಡಂ. ಯಾರ ಕೈಗೆ ಹೋದ್ರೂ ಇದು ಬದಲಾಗಲ್ಲ." ಭೂಮಿಕಾ ಪರದೆಯನ್ನು ಕನಕಮ್ಮನತ್ತ ತಿರುಗಿಸಿದಳು. "ಮುನೀಶ್ ಅಂತಿದೆ."

ಕನಕಮ್ಮ ಪ್ರಮೋದನ ಕಡೆ ತಿರುಗಿದಳು.

"ಹಳೇದು ಮೇಡಂ," ಅವನು ತಡಬಡಿಸಿದ. "ಜಗಳಕ್ಕೆ ಮುಂಚೆನೇ ಕೊಟ್ಟಿದ್ದ."

"ಸುಳ್ಳು ಹೇಳ್ಬೇಡ!" ಭೂಮಿಕಾ ಎದ್ದು ನಿಂತಳು. "ಜಗಳದ ದಿನ ಎಲ್ಲಾ ಅಳಿಸಿ ಹಾಕ್ದೋನು ನೀನೇ. ಇದು ಆಮೇಲೆ ಸಾಕಿದ್ದು. ಹೋದ ಭಾನುವಾರ ಅಣ್ಣ ಮನೆಗೆ ಬಂದಿದ್ದಾಗ ಇನ್ನೂ ಹುಳವಾಗಿತ್ತು. ನಾನೇ ನೋಡಿದ್ದೀನಿ."

"ಇದನ್ನ ಫೋನಿನ ಥರ ದೂರದಿಂದ ಕಳಿಸಬಹುದಾ?" ಕನಕಮ್ಮ ಕೇಳಿದಳು.

"ಇಲ್ಲ ಮೇಡಂ. ಎರಡು ಮಿಷನ್ನೂ ಒಂದೇ ರೂಮಲ್ಲಿರಬೇಕು."

ಕನಕಮ್ಮ ದನಿ ಏರಿಸಲಿಲ್ಲ. ಏರಿಸುವಷ್ಟು ಶಕ್ತಿಯೂ ಇರಲಿಲ್ಲ. "ಪ್ರಮೋದ, ಇಲ್ಲಿ ನೋಡು. ಭಾನುವಾರ ಇದು ಹುಳ. ಮಂಗಳವಾರ ಅವನು ಸತ್ತ. ಅಂದ್ರೆ ಸೋಮವಾರವೋ ಮಂಗಳವಾರವೋ ನೀನು ಅವನ ರೂಮಲ್ಲಿದ್ದೆ. ಅವನ ಕಾರ್ಡು ಕಾಣ್ತಿಲ್ಲ. ಬಾಗಿಲಿಗೆ ಹೊರಗಿಂದ ಬೀಗ. ಮಗುವಿನ ತಲೆ ಮುಟ್ಟಿ ಸುಳ್ಳು ಹೇಳಿದ್ದೀಯ. ನಾನೇನು ತಿಳ್ಕೋಬೇಕು ಹೇಳು."

ಪ್ರಮೋದ್ ಗೋಡೆಗೆ ಒರಗಿ ಹಾಗೇ ಜಾರಿ ಕೂತ. "ನಾನು ಬೀಗ ಹಾಕಿಲ್ಲ ಮೇಡಂ. ದೇವ್ರಾಣೆ ಹಾಕಿಲ್ಲ."

"ಹಾಗಾದ್ರೆ ಯಾರು?"

ಅವನು ಮುಖ ತಗ್ಗಿಸಿದ. ತಲೆಯ ನೀರೋ ಕಣ್ಣೀರೋ, ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಮೇಡಂ..."

ಭೂಮಿಕಾ ಮತ್ತೊಂದು ಪುಟ ತೆರೆದಿದ್ದಳು. "ಇಲ್ಲಿ ರೆಕ್ಕೆ ಬಂದ ದಿನ ತೋರಿಸುತ್ತೆ."

"ಯಾವತ್ತು?"

"ಗುರುವಾರ."

ಕನಕಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಮಂಗಳವಾರ ಬೆಂಕಿ. ಬುಧವಾರ ಸಂಜೆ ಬಾಗಲೂರಿನ ಕಡೆಯ ಅವರ ಊರಿನಲ್ಲಿ ಮಣ್ಣು ಮಾಡಿದ್ದರು. ಅವಳೂ ದೂರದಲ್ಲಿ ನಿಂತು ನೋಡಿದ್ದಳು.

"ಮಿಷನ್ನಿನ ಗಡಿಯಾರ ತಿರುಗಿಸಿರಬೇಕು," ಎಂದಳು.

"ಗಡಿಯಾರ ಮುಟ್ಟಿದ್ರೆ ಅವತ್ತಿಡೀ ಯಾವ ಹುಳಾನೂ ಬೆಳೆಯಲ್ಲ ಮೇಡಂ. ಮೋಸ ಮಾಡ್ತಾರೆ ಅಂತ್ಲೇ ಹಂಗೆ ಮಾಡವ್ರೆ."

"ಇವನೇ ಆ ಕಾರ್ಡು ಕದ್ದು, ಇವನೇ ಗುರುವಾರ ಆಡಿದ್ರೆ?"

ಭೂಮಿಕಾ ಮತ್ತೆ ಚಿಟ್ಟೆಯ ಪುಟಕ್ಕೆ ಹೋದಳು. ಚಿಟ್ಟೆಯ ಕೆಳಗೆ ಇಂಗ್ಲಿಷಿನಲ್ಲಿ ಐದು ಅಕ್ಷರ ಇತ್ತು. ಅದರ ಮೇಲೆ ಬೆರಳಿಟ್ಟಳು.

"ಗುಬ್ಬಿ ಅಂತ ಹೆಸರಿಟ್ಟವ್ನೆ," ಎಂದಳು ಕೊನೆಗೆ. "ರೆಕ್ಕೆ ಬರೋವರ್ಗೂ ಹೆಸರಿಡಲ್ಲ ಅಂತಿದ್ದ. ಚಿಕ್ಕೋಳಿದ್ದಾಗ ನನ್ನ ಹಂಗೆ ಕರೀತಿದ್ದ ಮೇಡಂ. ಮನೆಯೊಳಗೆ ಮಾತ್ರ. ಇವನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಆಟದ ಸಂಗೀತ ಮಾತ್ರ ಸುತ್ತಿ ಸುತ್ತಿ ಬರುತ್ತಿತ್ತು. ಕನಕಮ್ಮ ಕೈಚಾಚಿ ಮಿಷನ್ನು ತೆಗೆದುಕೊಂಡು ಯಾವುದೋ ಗುಂಡಿ ಒತ್ತಿದಳು. ನಿಲ್ಲಲಿಲ್ಲ. ದಿಂಬಿನ ಕೆಳಗೆ ತುರುಕಿದಳು.

"ಹೇಳಪ್ಪಾ," ಎಂದಳು.

ಪ್ರಮೋದ್ ಹೇಳಿದ.

ಗುರುವಾರ ಮಧ್ಯಾಹ್ನ ಅಕ್ಕ ಮನೆಯಲ್ಲಿರಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಮುನೀಶ್. ತಲೆ ಬೋಳಿಸಿಕೊಂಡಿದ್ದ. ಮೈಯಿಂದ ಹೊಗೆಯ ವಾಸನೆ ಬರುತ್ತಿತ್ತು.

"ನಾನು ಕಿರಿಚ್ಕೊಂಡೆ ಮೇಡಂ. ಬಾಯಿ ಮುಚ್ದ. ಮೊದಲು ಊಟಕ್ಕಿಕ್ಕು ಅಂದ. ಅನ್ನ ಸಾರು ಇತ್ತು, ತಿಂದ. ತಿನ್ನೋವಾಗ ಅಳ್ತಾನೇ ಇದ್ದ. ಆಮೇಲೆ ಜೇಬಿಂದ ಕಾರ್ಡು ತೆಗ್ದ. ನನ್ನ ಹತ್ರ ಹಳೇ ಮಿಷನ್ನು ಇನ್ನೊಂದಿತ್ತು, ಅದಕ್ಕೆ ಹಾಕ್ಕೊಟ್ಟೆ. ಒಂದೇ ಒಂದು ಕಾಳಗ ಬಾಕಿ ಇತ್ತು. ಆಡ್ದ. ಹುಳ ಗೂಡಿಂದ ಆಚೆ ಬಂತು ಮೇಡಂ." ಪ್ರಮೋದ್ ಮೂಗು ಒರೆಸಿಕೊಂಡ. "ಇಬ್ರೂ ಎಲ್ಲಾ ಮರ್ತು ಕೂಗ್ಬುಟ್ವಿ. ಚಿಕ್ಕ ಹುಡುಗ್ರ ಥರ."

"ಆಮೇಲೆ?"

"ಹೆಸರಿಟ್ಟ. ನನ್ನ ಮಿಷನ್ನಿಗೆ ಕಳಿಸ್ದ. ಯಾಕ್ಲಾ ಅಂದೆ. ಸತ್ತೋನ ಹತ್ರ ಇದು ಇರಬಾರ್ದು ಕಣ್ಲಾ, ನೀನು ಸಾಕು ಅಂದ. ಕಾರ್ಡನ್ನ ಕಲ್ಲಲ್ಲಿ ಜಜ್ಜಿ ಹಾಕ್ದ. ಎಲ್ಲಿಗೆ ಹೋಗ್ತೀಯ ಅಂದ್ರೆ, ಗೊತ್ತಿಲ್ದೇ ಇದ್ರೆ ನಿನಗೇ ಒಳ್ಳೇದು ಅಂದ. ಯಾರಿಗೂ ಹೇಳಲ್ಲ ಅಂತ ಆಣೆ ಇಡಿಸ್ಕೊಂಡ."

"ಅದಕ್ಕೂ ಮುಂಚೆ ಬುಧವಾರ ನನ್ನತ್ರ ಹೇಳಿದ್ದು?"

"ಅದು ನಿಜ ಮೇಡಂ. ಅವತ್ತಿನವರೆಗೂ ನಾನವನ ಮುಖ ನೋಡಿರ್ಲಿಲ್ಲ."

ಭೂಮಿಕಾ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುವಂತಿರಲಿಲ್ಲ.

ಕನಕಮ್ಮನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಮುನೀಶ್ ಬದುಕಿದ್ದರೆ, ಬೀಗ ಹಾಕಿದ ಕೋಣೆಯಲ್ಲಿ ಬೆಂದವನು ಬೇರೆ ಯಾರೋ. ಅವನಿಗೂ ಒಬ್ಬ ತಾಯಿ ಇರುತ್ತಾಳೆ. ಎಲ್ಲವನ್ನೂ ಮತ್ತೆ ಮೊದಲಿನಿಂದ ಶುರುಮಾಡಬೇಕು.

"ಅಂಗಿ ಹಾಕ್ಕೋ," ಎಂದಳು ಪ್ರಮೋದನಿಗೆ. "ನಮ್ಮ ಜೊತೆ ಬಾ."

*

ಬಾಗಲೂರು ರಸ್ತೆಯಲ್ಲಿ ಶಿಫ್ಟು ಬಿಟ್ಟ ಬಸ್ಸುಗಳ ಸಾಲು. ಹಿಂದಿನ ಸೀಟಿನಲ್ಲಿ ಪ್ರಮೋದ್ ಒಂದು ಮೂಲೆಗೆ, ಭೂಮಿಕಾ ಇನ್ನೊಂದು ಮೂಲೆಗೆ ಮುದುಡಿಕೊಂಡಿದ್ದರು.

"ಏನಾಯ್ತು ಮೇಡಂ?" ಮರಿಸ್ವಾಮಿ ಗೇರು ಬದಲಿಸುತ್ತ ಕೇಳಿದ. "ಹುಡುಗ ಒಪ್ಕೊಂಡ್ನಾ?"

ಹೇಳಬೇಕೋ ಬೇಡವೋ ಎಂದು ಕನಕಮ್ಮ ಯೋಚಿಸಲೂ ಇಲ್ಲ. ಇಷ್ಟು ವರ್ಷ ಅವನ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿಕೊಂಡೇ ಬಂದಿದ್ದಳು. ಗಂಡ ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟವನೂ ಅವನೇ.

"ಮುನೀಶ್ ಬದುಕಿದ್ದಾನಂತೆ ಮರಿಸ್ವಾಮಿ. ಇವನ ರೂಮಿಗೆ ಬಂದು ಊಟ ಮಾಡ್ಕೊಂಡು ಹೋಗಿದ್ದಾನೆ."

ಎದುರಿಗೆ ಲಾರಿಯೊಂದು ಅಡ್ಡ ಬಂತು. ಮರಿಸ್ವಾಮಿ ಹಾರನ್ನು ಒತ್ತಿಹಿಡಿದ. ಲಾರಿ ದಾಟಿದ ಮೇಲೆ, "ಒಳ್ಳೇದಾಯ್ತು ಬಿಡಿ ಮೇಡಂ," ಎಂದ. "ತಾಯಿ ಜೀವ ತಣ್ಣಗಾಗುತ್ತೆ."

ಮುನೀಶನ ಮನೆ ಊರಿನ ತುದಿಯಲ್ಲಿತ್ತು. ಮುಂದೆ ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡಂತೆ ಹುಳು ಸಾಕುವ ಉದ್ದನೆಯ ಹೆಂಚಿನ ಮನೆ. ಪ್ರಮೋದನನ್ನು ಜೀಪಿನಲ್ಲೇ ಬಿಟ್ಟು ಕನಕಮ್ಮ, ಭೂಮಿಕಾ ಇಳಿದರು.

"ಅವ್ವಾ!" ಭೂಮಿಕಾ ಓಡಿದಳು. ಜಗಲಿಯಲ್ಲಿ ಯಾರೂ ಇರಲಿಲ್ಲ. ಹುಳುಮನೆಯ ಬಾಗಿಲು ತೆರೆದಿತ್ತು.

ಒಳಗೆ ರಾಮಲಕ್ಷ್ಮಮ್ಮ ಕೂತಿದ್ದಳು. ಹಣ್ಣಾದ ಹುಳುಗಳನ್ನು ತಟ್ಟೆಯಿಂದ ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದಳು. ಮೈ ತೊಳೆದು, ಶುಭ್ರವಾದ ಸೀರೆಯುಟ್ಟು, ನೆರಿಗೆ ಎತ್ತಿ ಕಟ್ಟಿಕೊಂಡಿದ್ದಳು.

ಭೂಮಿಕಾ ಹೊಸಲಲ್ಲೇ ನಿಂತುಬಿಟ್ಟಳು. ಕನಕಮ್ಮನೂ ನಿಂತಳು.

ಕನಕಮ್ಮ ಹುಟ್ಟಿದ್ದೂ ಇಂಥದೇ ಮನೆಯಲ್ಲಿ. ಸಾವಿನ ಸೂತಕ ಕಳೆಯುವ ತನಕ ಮನೆಯವರು ಹುಳುಮನೆಯ ಹೊಸಲು ತುಳಿಯುವುದಿಲ್ಲ. ಪಕ್ಕದ ಮನೆಯವರನ್ನು ಬೇಡಿಕೊಂಡಾದರೂ ಸೊಪ್ಪು ಹಾಕಿಸುತ್ತಾರೆ. ಇಲ್ಲದಿದ್ದರೆ ಹುಳು ಕೊಳೆತು ಹೋಗುತ್ತದೆ ಎಂಬ ಭಯ. ಮಗನ ಹನ್ನೊಂದನೇ ದಿನದ ಕಾರ್ಯ ಇನ್ನೂ ಆಗಿಲ್ಲ. ಈ ಹೆಂಗಸು ಹುಳು ಮುಟ್ಟುತ್ತಿದ್ದಾಳೆ.

"ಅವ್ವ," ಭೂಮಿಕಾ ಮೆಲ್ಲಗೆ ಅಂದಳು, "ಅಣ್ಣ ಬದುಕವ್ನಂತೆ."

ರಾಮಲಕ್ಷ್ಮಮ್ಮನ ಬೆರಳಲ್ಲಿದ್ದ ಹುಳು ಕೆಳಗೆ ಬೀಳಲಿಲ್ಲ. ಅವಳು ಅದನ್ನು ಜೋಪಾನವಾಗಿ ಚಂದ್ರಿಕೆಗೆ ಬಿಟ್ಟು, ಆಮೇಲೆ ತಲೆಯೆತ್ತಿದಳು.

"ಯಾರು ಹೇಳುದ್ರು?" ಎಂದಳು. "ಪ್ರಮೋದ ಬಾಯಿ ಬುಟ್ನಾ?"

ಭೂಮಿಕಾ ಹೊಸಲಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

ಕನಕಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಕ್ಕಾ, ಮೊದಲಿಂದ್ಲೂ ನಿಂಗೆ ಗೊತ್ತಿತ್ತು. ಹಾಗಾದ್ರೆ ನೀನು ಎದೆ ಬಡ್ಕೊಂಡು ಅತ್ತು, ಮಣ್ಣು ಮಾಡಿದ್ದು ಯಾರನ್ನ?"

"ನಂಗೊತ್ತಿಲ್ಲಮ್ಮ. ಮುನೀಶಂಗೂ ಗೊತ್ತಿಲ್ಲ. ಮಲಗೋಕೆ ಜಾಗ ಕೇಳ್ದೋನನ್ನ ಒಳಗೆ ಬುಟ್ಟು, ಕಾರ್ಡು ಜೇಬಿಗೆ ಹಾಕ್ಕೊಂಡು ಆಚೆ ಹೋಗಿದ್ನಂತೆ. ಯಾವ ತಾಯಿ ಹೆತ್ತ ಮಗನೋ." ರಾಮಲಕ್ಷ್ಮಮ್ಮನ ಕಣ್ಣು ತುಂಬಿತು. "ಆ ಅಳು ಸುಳ್ಳಲ್ಲ ತಾಯಿ. ನನ್ನ ಮಗನ ಬದಲು ಹೋಯ್ತಲ್ಲ ಆ ಜೀವ ಅಂತ ಅತ್ತೆ. ನನ್ನ ಮಗ ಸತ್ತ ಅಂತ ಅವರು ನಂಬಬೇಕಿತ್ತು. ಅದಕ್ಕೇ ಮಿಷನ್ನು ನೋಡಿ ಗುರುತು ಹಿಡ್ದೆ."

"ಯಾರು ನಂಬಬೇಕಿತ್ತು?"

"ಬೀಗ ಹಾಕ್ದೋನು. ಅವನದೊಂದು ಗುಟ್ಟು ಮುನೀಶಂಗೆ ಗೊತ್ತಾಗಿತ್ತು, ಒಳಗಿರೋದು ಮುನೀಶನೇ ಅಂತ ಹಾಕ್ದ. ಮುನೀಶ ರಸ್ತೆ ಆಚೆಗೆ ನಿಂತು ನೋಡವ್ನೆ, ಅವತ್ತೇ ನಂಗೆ ಹೇಳ್ದ."

"ಹೆಸರು ಹೇಳಕ್ಕ. ನಾನಿದ್ದೀನಿ. ನಿನ್ನ ಮಗನಿಗೆ ಏನೂ ಆಗೋಕೆ ಬಿಡಲ್ಲ."

ರಾಮಲಕ್ಷ್ಮಮ್ಮ ಅವಳ ಖಾಕಿಯನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ದಣಿದ ಹೆಂಗಸೊಬ್ಬಳು ಇನ್ನೊಬ್ಬ ದಣಿದ ಹೆಂಗಸನ್ನು ನೋಡುವ ನೋಟ. ಆಮೇಲೆ ಕಿಟಕಿಯಾಚೆ, ತೋಟದ ಅಂಚಿನ ರಸ್ತೆಯತ್ತ ಗಲ್ಲ ಎತ್ತಿ ತೋರಿಸಿದಳು.

"ಜೊತೇಲೇ ಕರ್ಕೊಂಡು ಬಂದಿದ್ದೀಯಲ್ಲಮ್ಮ," ಎಂದಳು.

ಕನಕಮ್ಮ ತಿರುಗುವಷ್ಟರಲ್ಲಿ ಜೀಪು ಸ್ಟಾರ್ಟಾದ ಸದ್ದು ಕೇಳಿಸಿತು.

ಮೊಣಕಾಲಿನ ನೋವನ್ನೂ ಮರೆತು ಅವಳು ಓಡಿದಳು. ಹಿಪ್ಪುನೇರಳೆ ಸಾಲಿನ ನಡುವೆ, ಧೂಳಿನೊಳಗೆ ಮರಿಸ್ವಾಮಿ ಜೀಪು ತಿರುಗಿಸಿದ. ಹಿಂದಿನ ಗಾಜಿಗೆ ಎರಡೂ ಅಂಗೈ ಒತ್ತಿ ಪ್ರಮೋದ್ ಏನೋ ಕೂಗುತ್ತಿದ್ದ. ಜೀಪು ಹೊಸೂರಿನ ಕಡೆ ಹೋಗಲಿಲ್ಲ. ಕೆರೆಯ ಹಿಂದಿನ ಬಂಡಿದಾರಿ ಹಿಡಿಯಿತು.